‘ದೇವರ ಮೇಲೆ ಭಾರ ಹಾಕಿ ಗಾಡಿ ಓಡಿಸು’: ಒಬ್ಬ ಬಸ್ ಚಾಲಕರ ಆತಂಕ ಮತ್ತು ನಂಬಿಕೆ, ಒಂದು ಪ್ರಕರಣ ಅಧ್ಯಯನ

ಈ ಬರಹದಲ್ಲಿ ಬರುವವರನ್ನು ‘ಚಾಲಕರು’ ಎಂದಷ್ಟೇ ಕರೆಯುತ್ತೇನೆ. ಅವರ ಊರು, ಡಿಪೊ, ಸಭೆ (ಚರ್ಚ್), ಬಸ್ಸಿನ ಮಾರ್ಗ ಯಾವುದನ್ನೂ ಹೇಳುವುದಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರೂ ಅವರ ಹೆಂಡತಿಯೂ ಇದನ್ನು ಓದಿ ಒಪ್ಪಿಗೆ ಕೊಟ್ಟಿದ್ದಾರೆ. ಸಭಾಪಾಲಕರು, ಸಭಾ ಹಿರಿಯರು, ಪ್ರಾರ್ಥನಾ ಕೂಟಗಳನ್ನು ನಡೆಸುವವರು ಇದನ್ನು ಓದಬೇಕೆಂಬುದು ಅವರದೇ ಆಸೆ. ನಾನು ಹತ್ತಿರದ ಊರಿನ ಇನ್ನೊಂದು ಸಭೆಯ ಪಾಲಕ. ಜೊತೆಗೆ ಆಪ್ತಸಮಾಲೋಚನೆಯ ಕೆಲಸವನ್ನೂ ಮಾಡುತ್ತೇನೆ.

ಹಿನ್ನೆಲೆ

ಚಾಲಕರಿಗೆ ಆಗ ನಲವತ್ತೇಳು ವರ್ಷ. ಸರ್ಕಾರಿ ಸಾರಿಗೆಯಲ್ಲಿ ಎರಡು ದಶಕಗಳ ಸೇವೆ. ಮಲೆನಾಡಿನಿಂದ ಕರಾವಳಿಗೆ ಇಳಿಯುವ ಘಟ್ಟದ ಮಾರ್ಗ ಅವರಿಗೆ ಅಂಗೈಯಷ್ಟು ಪರಿಚಿತ. ಮಳೆಗಾಲದ ಮಂಜಿನಲ್ಲಿಯೂ ತಿರುವುಗಳನ್ನು ಲೆಕ್ಕ ಹಿಡಿದು ಇಳಿಸುವವರು ಎಂದು ಹೊಸ ಚಾಲಕರನ್ನು ಅವರ ಜೊತೆ ಕಳುಹಿಸುತ್ತಿದ್ದರು. ಸಭೆಯಲ್ಲಿ ಹಿರಿಯರ ಮಂಡಳಿಯ ಸದಸ್ಯರು, ಕ್ರಿಸ್ಮಸ್ ಸಮಯದಲ್ಲಿ ಮನೆಮನೆಗೆ ಹೋಗುವ ಹಾಡಿನ ತಂಡಕ್ಕೆ ಮುಂದಾಳು. ಮಗಳು ನರ್ಸಿಂಗ್ ಓದುತ್ತಿದ್ದಳು. ಅವಳ ಶುಲ್ಕಕ್ಕಾಗಿ ನೌಕರರ ಸಹಕಾರ ಸಂಘದಲ್ಲಿ ಮಾಡಿದ ಸಾಲ ಪ್ರತಿ ತಿಂಗಳೂ ಸಂಬಳದಲ್ಲೇ ಕಡಿತವಾಗುತ್ತಿತ್ತು.

ಒಂದು ಸಂಜೆ ಎದುರಿನಿಂದ ಬಂದ ದ್ವಿಚಕ್ರ ವಾಹನ ಒದ್ದೆ ರಸ್ತೆಯಲ್ಲಿ ಜಾರಿ ಬಸ್ಸಿನ ಮುಂದಿನ ಚಕ್ರದ ಹತ್ತಿರಕ್ಕೆ ಬಂದು ಬಿತ್ತು. ಸವಾರ ಇಪ್ಪತ್ತರ ಆಸುಪಾಸಿನ ಹುಡುಗ. ಪ್ರಾಣ ಉಳಿಯಿತು, ಕಾಲು ಮೊದಲಿನಂತಾಗಲಿಲ್ಲ. ಇಲಾಖಾ ವಿಚಾರಣೆಯಲ್ಲಿ ಚಾಲಕರ ತಪ್ಪಿಲ್ಲವೆಂದು ತೀರ್ಮಾನವಾಯಿತು. ಪರಿಹಾರದ ದಾವೆ ಮಾತ್ರ ನ್ಯಾಯಮಂಡಳಿಯಲ್ಲಿ ಉಳಿಯಿತು. ಅವರು ಮತ್ತೆ ಅದೇ ಮಾರ್ಗದ ಕೆಲಸಕ್ಕೆ ಹೋದರು. ‘ದೇವರು ದೊಡ್ಡವನು, ನಿನಗೇನೂ ಆಗಲಿಲ್ಲ’ ಎಂದು ಎಲ್ಲರೂ ಹೇಳಿದರು. ಆ ಸಂಜೆ ಏನಾಯಿತು, ನೀವು ಏನು ಕಂಡಿರಿ ಎಂದು ಯಾರೂ ಕೇಳಲಿಲ್ಲ. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಇದು, ಏಕೆಂದರೆ ಕೇಳುವುದಕ್ಕೆ ಖರ್ಚೇನೂ ಇರಲಿಲ್ಲ.

ಸಮಸ್ಯೆ

ಅಪಘಾತವಾಗಿ ಹಲವು ತಿಂಗಳ ನಂತರ, ಘಟ್ಟದ ಅರ್ಧ ದಾರಿಯಲ್ಲಿ, ಬಸ್ಸಿನ ತುಂಬ ಜನರಿರುವಾಗ ಅವರ ಎದೆ ಇದ್ದಕ್ಕಿದ್ದಂತೆ ಹೊಡೆದುಕೊಳ್ಳತೊಡಗಿತು. ಉಸಿರು ಸಾಲುತ್ತಿಲ್ಲ, ಬೆರಳು ಜುಮ್ಮೆನ್ನುತ್ತಿವೆ, ಈಗ ಸತ್ತೇಹೋಗುತ್ತೇನೆ ಎಂಬ ಭಾವ. ಹೇಗೋ ರಸ್ತೆ ಬದಿಗೆ ನಿಲ್ಲಿಸಿ, ಎಂಜಿನ್ ಬಿಸಿಯಾಗಿದೆ ಎಂದು ಕಂಡಕ್ಟರಿಗೆ ಹೇಳಿದರು. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಇಳಿಯಿತು. ಹೃದಯದ ತೊಂದರೆಯೆಂದು ಆಸ್ಪತ್ರೆಗೆ ಹೋದರೆ ಇಸಿಜಿ ಸರಿಯಾಗಿತ್ತು, ಥೈರಾಯ್ಡ್ ಸರಿಯಾಗಿತ್ತು, ಸಕ್ಕರೆಯೂ ಸರಿಯಾಗಿತ್ತು. ಗ್ಯಾಸ್ಟ್ರಿಕ್ ಇರಬಹುದೆಂದು ಮಾತ್ರೆ ಕೊಟ್ಟು ಕಳುಹಿಸಿದರು.

ಇದಕ್ಕೆ ವೈದ್ಯರು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಅಪಾಯ ಎದುರಾದಾಗ ಓಡಲು ಅಥವಾ ಹೋರಾಡಲು ದೇಹವನ್ನು ಸಜ್ಜುಗೊಳಿಸುವ ವ್ಯವಸ್ಥೆ ಅಪಾಯವಿಲ್ಲದಿರುವಾಗಲೇ ಕೆಲಸ ಶುರುಮಾಡುತ್ತದೆ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತುದಿಗೇರಿ ತಾನಾಗಿ ಇಳಿಯುತ್ತದೆ. ಅಟ್ಯಾಕ್ ಬಂದವರನ್ನು ಆಮೇಲೆ ಹೆಚ್ಚು ಬಳಲಿಸುವುದು ಅದು ಮತ್ತೆ ಬಂದೀತೆಂಬ ಭಯ. ಚಾಲಕರಿಗೂ ಹಾಗೆಯೇ ಆಯಿತು. ನಾಳೆ ಘಟ್ಟದ ಡ್ಯೂಟಿ ಎಂದರೆ ಇಂದು ರಾತ್ರಿ ನಿದ್ದೆ ಇಲ್ಲ. ಸಹೋದ್ಯೋಗಿಗಳ ಜೊತೆ ಡ್ಯೂಟಿ ಬದಲಿಸಿಕೊಳ್ಳತೊಡಗಿದರು. ಊಟ ಕಡಿಮೆಯಾಯಿತು, ಮನೆಯಲ್ಲಿ ಸಿಡುಕು ಹೆಚ್ಚಾಯಿತು.

ಇದಿಷ್ಟೇ ಆಗಿದ್ದರೆ ಇದು ಆಸ್ಪತ್ರೆಯ ಪ್ರಕರಣ. ಸಭೆಯ ಪ್ರಕರಣವಾದದ್ದು ಅವರು ತಮಗೆ ತಾವೇ ಕೇಳಿಕೊಂಡ ಪ್ರಶ್ನೆಯಿಂದ: ‘ಯಾವ ವಿಷಯಕ್ಕೂ ಚಿಂತೆ ಮಾಡಬೇಡಿ ಎಂದು ಬೇರೆಯವರಿಗೆ ವಾಕ್ಯ ಓದಿ ಹೇಳುವವನು ನಾನು. ನನಗೇ ಹೀಗಾಗುತ್ತಿದೆ ಎಂದರೆ ನನ್ನ ನಂಬಿಕೆ ಸುಳ್ಳೇ?’ ಭಯದ ಮೇಲೆ ಅಪರಾಧಭಾವ ಸೇರಿತು. ಆ ವರ್ಷದ ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಅವರ ಕೈಗೆ ಬಂದ ವಾಗ್ದಾನದ ಚೀಟಿಯಲ್ಲಿ, ಅಂದರೆ ಹೊಸ ವರ್ಷಕ್ಕೆಂದು ಒಬ್ಬೊಬ್ಬರಿಗೆ ಕೊಡುವ ಸತ್ಯವೇದದ ವಚನದ ಚೀಟಿಯಲ್ಲಿ, 91ನೇ ಕೀರ್ತನೆಯ ವಚನವಿತ್ತು: ನಿನ್ನ ಎಲ್ಲಾ ಮಾರ್ಗಗಳಲ್ಲಿ ನಿನ್ನನ್ನು ಕಾಯುವುದಕ್ಕೆ ಆತನು ತನ್ನ ದೂತರಿಗೆ ಅಪ್ಪಣೆ ಕೊಡುವನು ಎಂಬ ಮಾತು. ಬಸ್ ಓಡಿಸುವವನಿಗೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇಕೇ? ಚೀಟಿಯನ್ನು ಸಮವಸ್ತ್ರದ ಜೇಬಿನಲ್ಲಿಟ್ಟುಕೊಂಡು ಘಟ್ಟ ಇಳಿಯತೊಡಗಿದರು.

ಮೊದಲು ಪ್ರಯತ್ನಿಸಿದ್ದು

ಮೊದಲಿಗೆ ಅವರು ಪ್ರಾರ್ಥನೆಯನ್ನು ಹೆಚ್ಚಿಸಿದರು. ಬೆಳಗಿನ ಜಾವ ಎದ್ದು ಮೊಣಕಾಲೂರುತ್ತಿದ್ದರು, ಬಸ್ ಹೊರಡಿಸುವ ಮುನ್ನ ಸ್ಟೀರಿಂಗ್ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದರು. ಪ್ರಾರ್ಥನೆ ಒಂದೇ ಆಗಿತ್ತು: ಕರ್ತನೇ, ಈ ಭಯವನ್ನು ತೆಗೆದುಬಿಡು. ಭಯ ಹೋಯಿತೇ ಎಂದು ಮರುಕ್ಷಣವೇ ಒಳಗೆ ಹುಡುಕಿ ನೋಡಿಕೊಳ್ಳುತ್ತಿದ್ದರು. ಹಾಗೆ ನೋಡಿಕೊಂಡಾಗಲೆಲ್ಲ ಎದೆಬಡಿತ ಕೇಳಿಸುತ್ತಿತ್ತು.

ಆಮೇಲೆ ಶುಕ್ರವಾರದ ಉಪವಾಸ ಪ್ರಾರ್ಥನೆ. ಹೊರಗಿನಿಂದ ಬಂದಿದ್ದ ಬೋಧಕರೊಬ್ಬರು ತಲೆಯ ಮೇಲೆ ಕೈಯಿಟ್ಟು, ಬಿಡುಗಡೆಯಾಗಿದೆ, ಇನ್ನು ಅನುಮಾನಿಸಬಾರದು, ಸಭೆಯ ಮುಂದೆ ಸಾಕ್ಷಿ ಹೇಳಬೇಕು ಎಂದರು. ಭಾನುವಾರ ಚಾಲಕರು ಎದ್ದು ನಿಂತು ಸಾಕ್ಷಿ ಹೇಳಿದರು. ಜನ ಸ್ತೋತ್ರ ಹೇಳಿದರು, ಕೆಲವರು ಅತ್ತರು. ಅವರು ಸುಳ್ಳು ಹೇಳಲಿಲ್ಲ. ಆ ಗಳಿಗೆಯಲ್ಲಿ ಅವರ ಮನಸ್ಸು ನಿಜಕ್ಕೂ ಹಗುರವಾಗಿತ್ತು. ಮುಂದಿನ ಕೆಲವು ದಿನಗಳೂ ಚೆನ್ನಾಗಿದ್ದವು.

ನಂತರ ಅದೇ ಘಟ್ಟದಲ್ಲಿ ಮತ್ತೆ ಬಂತು, ಹಿಂದಿಗಿಂತ ಜೋರಾಗಿ. ಇದನ್ನು ನಾನು ಪ್ರಕರಣದ ಮೊದಲ ತಿರುವು ಎಂದು ಗುರುತಿಸುತ್ತೇನೆ. ಮೊದಲ ಬಾರಿ ಬಂದಾಗ ಅವರಿಗೆ ಹೇಳಿಕೊಳ್ಳಲು ನಾಚಿಕೆ ಇತ್ತು. ಈಗ ಹೇಳಿಕೊಳ್ಳುವ ದಾರಿಯೇ ಮುಚ್ಚಿಹೋಗಿತ್ತು. ಇಡೀ ಸಭೆ ದೇವರಿಗೆ ಸ್ತೋತ್ರ ಸಲ್ಲಿಸಿದ ಮೇಲೆ ‘ಇನ್ನೂ ಇದೆ’ ಎನ್ನುವುದು ಹೇಗೆ? ಹಾಗೆಂದರೆ ದೇವರ ಹೆಸರಿಗೇ ಕಳಂಕ ತಂದಂತೆ ಎಂದು ಅವರಿಗೆ ಅನಿಸಿತು. ಹಿರಿಯರ ಮಂಡಳಿಯ ಸಭೆಗೆ ಹೋಗುವುದು ನಿಂತಿತು. ಕರ್ತನ ಭೋಜನದ (ಯೇಸುವಿನ ನೆನಪಿಗಾಗಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ) ದಿನ ಕೊನೆಯ ಬೆಂಚಿನಲ್ಲಿ ಕುಳಿತು ಎದ್ದುಹೋಗುತ್ತಿದ್ದರು.

ನನ್ನ ಬಳಿ ಬಂದದ್ದು ಅವರ ಹೆಂಡತಿ. ‘ಪಾಸ್ಟರ್, ಇವರು ನಿದ್ದೆಯಲ್ಲಿ ಕಾಲಿನಿಂದ ಬ್ರೇಕ್ ಒತ್ತುತ್ತಾರೆ. ಎಬ್ಬಿಸಿದರೆ ಯಾರಿಗಾದರೂ ಏಟಾಯಿತಾ ಎಂದು ಕೇಳುತ್ತಾರೆ’ ಎಂದರು. ಅಪಘಾತದ ವಿಷಯ ನನಗೆ ತಿಳಿದದ್ದು ಆಗಲೇ.

ಮಾತುಕತೆ ಮತ್ತು ಒಂದು ಕಠಿಣ ಪ್ರಶ್ನೆ

ಚಾಲಕರು ಒಲ್ಲದ ಮನಸ್ಸಿನಿಂದ ಬಂದರು. ಮೊದಲ ಭೇಟಿಯಲ್ಲಿ ನಾನು ವಾಕ್ಯ ಓದಲಿಲ್ಲ, ಅಪಘಾತದ ಸಂಜೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿ ಎಂದೆ. ತುಂಬ ಹೊತ್ತು ಹೇಳಿದರು. ಹುಡುಗನ ಚಪ್ಪಲಿಯ ಬಣ್ಣ ಅವರಿಗೆ ನೆನಪಿತ್ತು.

ಎರಡನೇ ಭೇಟಿಯಲ್ಲಿ ಕೇಳಲೇಬೇಕಾದದ್ದನ್ನು ಕೇಳಿದೆ: ‘ನಿಮ್ಮ ಬಸ್ಸಿನಲ್ಲಿ ಎಷ್ಟು ಜನ ಇರುತ್ತಾರೆ?’ ಅವರು ಸಿಟ್ಟಾದರು. ‘ದೇವರ ಮೇಲೆ ಭಾರ ಹಾಕಿಯೇ ಗಾಡಿ ಓಡಿಸುತ್ತಿದ್ದೇನೆ ಪಾಸ್ಟರ್. ನೀವೇ ನಂಬಬೇಡ ಎನ್ನುತ್ತೀರಾ?’ ಎಂದು ಜೇಬಿನಿಂದ ವಾಗ್ದಾನದ ಚೀಟಿ ತೆಗೆದು ಮೇಜಿನ ಮೇಲಿಟ್ಟರು.

ಆಗ ಇಬ್ಬರೂ ಮತ್ತಾಯನ ಸುವಾರ್ತೆಯ ನಾಲ್ಕನೇ ಅಧ್ಯಾಯ ಓದಿದೆವು. ಸೈತಾನನು ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ಕೆಳಕ್ಕೆ ಧುಮುಕು ಎನ್ನುತ್ತಾನೆ. ಅದಕ್ಕೆ ಆಧಾರವಾಗಿ ಅವನು ತೋರಿಸುವುದು ಇದೇ 91ನೇ ಕೀರ್ತನೆಯ ಇದೇ ವಚನ. ಯೇಸು ಆ ವಚನವನ್ನು ಅಲ್ಲಗಳೆಯುವುದಿಲ್ಲ, ದೇವರನ್ನು ಪರೀಕ್ಷಿಸಬಾರದು ಎಂಬ ಇನ್ನೊಂದು ವಚನದಿಂದ ಉತ್ತರ ಕೊಡುತ್ತಾನೆ. ಅದೇ ವಾಗ್ದಾನವನ್ನು ನೆಚ್ಚಿಕೊಂಡೇ ಮೆಟ್ಟಿಲಿಳಿದು ಬರಬಹುದು. ಯಾವಾಗ ಬೇಕಾದರೂ ಕೈ ನಡುಗಬಹುದೆಂದು ಗೊತ್ತಿದ್ದೂ ಐವತ್ತು ಜನರನ್ನು ಕೂರಿಸಿಕೊಂಡು ಘಟ್ಟ ಇಳಿಸುವುದು ಇವೆರಡರಲ್ಲಿ ಯಾವುದಕ್ಕೆ ಹತ್ತಿರ? ತೀರ್ಪು ನಾನು ಹೇಳಲಿಲ್ಲ. ಅವರು ಚೀಟಿಯನ್ನು ಮತ್ತೆ ಜೇಬಿನಲ್ಲಿಟ್ಟುಕೊಂಡು ಹೊರಟುಹೋದರು. ಮರುದಿನ ಬೆಳಿಗ್ಗೆ ರಜೆಯ ಅರ್ಜಿ ಕೊಟ್ಟಿರುವುದಾಗಿ ಅವರ ಹೆಂಡತಿ ಫೋನ್ ಮಾಡಿದರು.

ಸಮಾಲೋಚಕರಿಗೆ ಒಂದು ಮಾತು: ನಿಮ್ಮ ಬಳಿ ಬಂದವರದು ಬೇರೆಯವರ ಪ್ರಾಣ ಕೈಯಲ್ಲಿರುವ ಕೆಲಸವಾದರೆ ಈ ಪ್ರಶ್ನೆಯನ್ನು ಮುಂದೂಡುವ ಹಾಗಿಲ್ಲ. ಸಂಬಂಧ ಕೆಡಬಹುದೆಂಬ ಭಯಕ್ಕೆ ಸುಮ್ಮನಿರುವುದು ಕರುಣೆಯಾಗುವುದಿಲ್ಲ.

ಚಿಕಿತ್ಸೆ, ಮತ್ತು ಬೆನ್ನುನೋವಿನ ಸರ್ಟಿಫಿಕೇಟು

ಮನೋವೈದ್ಯರೆಂದರೆ ದೊಡ್ಡ ಊರಿಗೇ ಹೋಗಬೇಕೆಂದು ಅವರು ತಿಳಿದಿದ್ದರು. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಯುತ್ತದೆ. ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯಲ್ಲಿ 2022ರಿಂದ ಕನ್ನಡದಲ್ಲಿಯೂ ಮಾತನಾಡಬಹುದು. ಈ ಎರಡು ವಿಷಯಗಳನ್ನು ಪ್ರತಿ ಸಭೆಯ ಸೂಚನಾ ಫಲಕದಲ್ಲಿ ಬರೆದು ಹಾಕಬೇಕೆಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಮಂಗಳವಾರ ಅವರು ಹೋದರು. ವೈದ್ಯರು ಆತಂಕದ ಕಾಯಿಲೆಯನ್ನು ಗುರುತಿಸಿ ಮಾತ್ರೆ ಬರೆದುಕೊಟ್ಟರು. ಇದರ ಫಲ ಕಾಣಲು ವಾರಗಳು ಬೇಕು, ನೀವಾಗಿಯೇ ನಿಲ್ಲಿಸಬೇಡಿ, ಮೊದಲ ದಿನಗಳಿಗೆ ಕೊಡುವ ಇನ್ನೊಂದು ಮಾತ್ರೆಯಿಂದ ಮಂಪರು ಬರುತ್ತದೆ, ನಾನು ಹೇಳುವ ತನಕ ವಾಹನ ಓಡಿಸಲೇಬಾರದು ಎಂದು ವಿವರಿಸಿದರು.

ರಜೆ ಎಷ್ಟು ದಿನ ಸಿಗುತ್ತದೆ? ಡಿಪೊಗೆ ಏನಾದರೂ ಹೇಳಲೇಬೇಕಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಗೌಪ್ಯತೆಯ ಹಕ್ಕು ಕೊಟ್ಟಿದೆ, ಹಾಗಾಗಿ ಹೇಳುವ ನಿರ್ಧಾರ ಅವರದಾಗಿತ್ತು. ಸ್ನೇಹಿತರೊಬ್ಬರು ಸುಲಭದ ದಾರಿ ತೋರಿಸಿದರು: ಬೆನ್ನುನೋವೆಂದು ಸರ್ಟಿಫಿಕೇಟು ತಂದುಕೊಡು, ಚಾಲಕರಿಗೆ ಬೆನ್ನುನೋವು ಬಾರದೇ ಇರುತ್ತದೆಯೇ, ಯಾರೂ ಕೇಳುವುದಿಲ್ಲ. ಅವರಿಗೆ ಇದು ಬಹಳ ಆಕರ್ಷಕವಾಗಿ ಕಂಡಿತು. ನಿಜ ಹೇಳಿದರೆ ಸ್ಟೀರಿಂಗ್ ಶಾಶ್ವತವಾಗಿ ಕೈತಪ್ಪಬಹುದು. ಹೊರಗಿನ ಡ್ಯೂಟಿಯ ಭತ್ಯೆ ನಿಂತರೆ ಸಾಲದ ಕಂತು ಕಳೆದು ಉಳಿಯುವ ಸಂಬಳದಲ್ಲಿ ಮನೆ ನಡೆಯುವುದು ಕಷ್ಟ. ಅದಕ್ಕಿಂತಲೂ, ‘ಹುಚ್ಚಿನ ಮಾತ್ರೆ ತಿನ್ನುವವನು’ ಎಂದು ಡಿಪೊದಲ್ಲಿ ಆಡಿಕೊಳ್ಳುತ್ತಾರೆ ಎಂಬ ಅಂಜಿಕೆ.

ಎರಡನೇ ತಿರುವು ಇಲ್ಲಿದೆ. ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ ಎಂಬ, ಯೇಸುವಿನ ಶಿಷ್ಯ ಪೇತ್ರನ ಪತ್ರದ ಮಾತು ನಮ್ಮ ಮನೆಗಳ ಗೋಡೆಗಳ ಮೇಲೆ, ಕ್ಯಾಲೆಂಡರುಗಳ ಮೇಲೆ ಇರುತ್ತದೆ. ಅದರ ಹಿಂದಿನ ವಚನ ಗೋಡೆಯ ಮೇಲೆ ಬರುವುದಿಲ್ಲ. ದೇವರ ಬಲವಾದ ಕೈಯ ಕೆಳಗೆ ನಿಮ್ಮನ್ನು ತಗ್ಗಿಸಿಕೊಳ್ಳಿರಿ, ತಕ್ಕ ಕಾಲದಲ್ಲಿ ಆತನೇ ನಿಮ್ಮನ್ನು ಮೇಲಕ್ಕೆ ತರುತ್ತಾನೆ ಎಂದು ಹೇಳಿಯೇ ಪೇತ್ರನು ಚಿಂತೆಯ ಮಾತಿಗೆ ಬರುತ್ತಾನೆ. ಚಾಲಕರು ಈ ಎರಡನ್ನೂ ಒಟ್ಟಿಗೆ ಓದಿ ಬಹಳ ಹೊತ್ತು ಸುಮ್ಮನಿದ್ದರು. ನಂತರ, ‘ನಾನು ಚಿಂತೆಯನ್ನು ಹಾಕಲು ಸಿದ್ಧನಿದ್ದೆ ಪಾಸ್ಟರ್, ತಗ್ಗಲು ಸಿದ್ಧನಿರಲಿಲ್ಲ’ ಎಂದರು. ನನ್ನ ತಿಳಿವಳಿಕೆಯಲ್ಲಿ ಈ ಪ್ರಕರಣದ ತಿರುಳು ಆ ಮಾತಿನಲ್ಲಿದೆ. ಅಲ್ಲಿಯವರೆಗೆ ಅವರು ದೇವರಲ್ಲಿ ಕೇಳುತ್ತಿದ್ದದ್ದು, ಯಾರಿಗೂ ಗೊತ್ತಾಗದಂತೆ ನನ್ನನ್ನು ಸರಿಮಾಡು ಎಂದು. ಹೆಸರು, ಸಂಬಳ, ಧೈರ್ಯವಂತ ಚಾಲಕನೆಂಬ ಗೌರವ ಇವೆಲ್ಲವನ್ನೂ ತಾವೇ ಹಿಡಿದುಕೊಂಡು, ಭಯವೊಂದನ್ನು ಮಾತ್ರ ಆತನ ಕೈಗೆ ಕೊಡುತ್ತಿದ್ದರು. ಆದರೆ ಆ ಭಯ ಹುಟ್ಟುತ್ತಿದ್ದದ್ದೇ ಇವನ್ನು ಕಳೆದುಕೊಳ್ಳುವ ಯೋಚನೆಯಿಂದ.

ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಡಿಪೊ ಮ್ಯಾನೇಜರ ಕೋಣೆಗೆ ಹೋದರು, ಇದ್ದದ್ದನ್ನು ಇದ್ದಂತೆ ಹೇಳಿ ವೈದ್ಯರ ಪತ್ರ ಕೊಟ್ಟರು.

ಏನಾಯಿತು

ಅವರು ಹೆದರಿದ್ದರಲ್ಲಿ ಕೆಲವು ನಿಜವಾದವು. ಬಸ್ ಓಡಿಸುವ ಕೆಲಸದಿಂದ ತೆಗೆದು ಡಿಪೊ ಒಳಗಿನ ಕೆಲಸ ಕೊಟ್ಟರು. ಭತ್ಯೆ ನಿಂತಿತು, ಮಗಳ ಒಂದು ಕಂತಿನ ಶುಲ್ಕಕ್ಕೆ ಹೆಂಡತಿಯ ಬಳೆ ಅಡವಿಡಬೇಕಾಯಿತು. ಆಡಿಕೊಂಡವರೂ ಇದ್ದರು. ಕೆಲಸ ಮಾತ್ರ ಹೋಗಲಿಲ್ಲ. ಅವರು ಎಣಿಸದಿದ್ದ ಇನ್ನೊಂದು ಸಂಗತಿಯೂ ನಡೆಯಿತು: ಇಬ್ಬರು ಚಾಲಕರು ಬೇರೆಬೇರೆ ದಿನ ಬಂದು, ತಮಗೂ ಹೀಗಾಗುತ್ತದೆ, ಯಾವ ಆಸ್ಪತ್ರೆ ಎಂದು ಮೆಲ್ಲಗೆ ಕೇಳಿದರು.

ಮಾತ್ರೆ ನಿಧಾನವಾಗಿ ಕೆಲಸ ಮಾಡಿತು. ಜಿಲ್ಲಾಸ್ಪತ್ರೆಯ ಮನಶ್ಶಾಸ್ತ್ರಜ್ಞರು ಹಂತಹಂತವಾಗಿ ಭಯವನ್ನು ಎದುರಿಸುವ ಅಭ್ಯಾಸ ಕೊಟ್ಟರು. ಮೊದಲು ಡಿಪೊದಲ್ಲಿ ನಿಂತ ಬಸ್ಸಿನ ಚಾಲಕರ ಸೀಟಿನಲ್ಲಿ ಸುಮ್ಮನೆ ಕೂರುವುದು, ಆಮೇಲೆ ಪ್ರಯಾಣಿಕನಾಗಿ ಅದೇ ಘಟ್ಟದ ದಾರಿಯಲ್ಲಿ ಹೋಗಿಬರುವುದು. ಎದೆ ಬಡಿದುಕೊಂಡಾಗ ಇಳಿದು ಓಡದೆ, ಅದು ತಾನಾಗಿ ಇಳಿಯುವ ತನಕ ಅಲ್ಲೇ ಇರುವುದು. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ, ಎದುರಿಗೆ ಕುಳಿತಷ್ಟೂ ಅದರ ಬಲ ಕುಗ್ಗುತ್ತದೆ ಎಂಬುದು ಈ ಅಭ್ಯಾಸದ ಆಧಾರ.

ಅದೇ ಸಮಯದಲ್ಲಿ ಅವರ ಪ್ರಾರ್ಥನೆಯೂ ಬದಲಾಯಿತು. ಭಯ ಹೋಯಿತೇ ಎಂದು ಅಳೆಯುವುದನ್ನು ಬಿಟ್ಟು, ಏನಕ್ಕೆ ಭಯ ಎಂಬುದನ್ನು ಒಂದೊಂದಾಗಿ ಹೆಸರಿಟ್ಟು ಹೇಳಿ ಎಂದು ಸೂಚಿಸಿದ್ದೆ. ಅಪೊಸ್ತಲನಾದ ಪೌಲನು ಫಿಲಿಪ್ಪಿ ಊರಿನ ಸಭೆಗೆ ಬರೆದ ಪತ್ರದಲ್ಲಿ ಹೇಳುವುದೂ ಇದನ್ನೇ: ಬೇಕಾದದ್ದನ್ನು ದೇವರಿಗೆ ತಿಳಿಯಪಡಿಸಿರಿ. 56ನೇ ಕೀರ್ತನೆಯಲ್ಲಿ ಹೆದರಿಕೆಯೂ ಭರವಸೆಯೂ ಒಂದೇ ಸಾಲಿನಲ್ಲಿವೆ. ಹೆದರಿಕೆ ಉಂಟಾದಾಗ ನಿನ್ನನ್ನು ಆಶ್ರಯಿಸುವೆನು ಎನ್ನುವ ದಾವೀದನು ಹೆದರಿಕೆ ಮುಗಿದ ಮೇಲೆ ಬರುತ್ತೇನೆ ಎನ್ನುವುದಿಲ್ಲ. ಚಾಲಕರು ಸಾಲದ ಕಂತು, ಮಗಳ ಪರೀಕ್ಷೆ, ಡಿಪೊದ ಮಾತು ಇವನ್ನೆಲ್ಲ ಹೇಳುತ್ತಾ ಹೋದರು. ಒಂದು ದಿನ ಆ ಹುಡುಗನ ಹೆಸರು ಬಾಯಿಗೆ ಬಂತು. ಅಪಘಾತದ ನಂತರ ಅವನಿಗಾಗಿ ಪ್ರಾರ್ಥಿಸಿದ್ದು ಅದೇ ಮೊದಲು. ತಮ್ಮ ತಪ್ಪಿಲ್ಲವೆಂದು ಕಾಗದದಲ್ಲಿ ಬಂದಿದ್ದರಿಂದ ಅವನಿಗಾಗಿ ದುಃಖಿಸುವ ಹಕ್ಕೂ ತಮಗಿಲ್ಲವೆಂಬಂತೆ ಇದ್ದುಬಿಟ್ಟಿದ್ದರು. ಅವನನ್ನು ನೋಡಿಬರಬೇಕೆಂಬ ಆಸೆ ಆ ದಿನ ಹುಟ್ಟಿತು. ದಾವೆ ಮುಗಿಯುವ ತನಕ ಬೇಡವೆಂದು ವಕೀಲರು ಹೇಳಿದ್ದರಿಂದ ಅದು ಇನ್ನೂ ಆಗಿಲ್ಲ.

ಮೂರನೇ ತಿರುವು ಅವರ ಸಭೆಯಲ್ಲಿ. ಹಿಂದೆ ಸಾಕ್ಷಿ ಹೇಳಿದ್ದ ಜಾಗದಲ್ಲೇ ಅವರು ಮತ್ತೆ ಎದ್ದು ನಿಂತರು. ಆ ದಿನ ಹೇಳಿದ ನಂತರ ಕಾಯಿಲೆ ಮರಳಿತು, ನಾನು ಮುಚ್ಚಿಟ್ಟೆ, ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ದೇವರು ನನ್ನನ್ನು ಬಿಟ್ಟಿಲ್ಲ, ಪ್ರಾರ್ಥಿಸಿ ಎಂದರು. ಈ ಬಾರಿ ಯಾರೂ ಸ್ತೋತ್ರ ಕೂಗಲಿಲ್ಲ. ಆರಾಧನೆ ಮುಗಿದ ಮೇಲೆ ವಯಸ್ಸಾದ ಒಬ್ಬ ತಾಯಿ ಬಂದು ಕೈ ಹಿಡಿದುಕೊಂಡು, ‘ನನ್ನ ಮಗನಿಗೂ ಇದೇ ಇದ್ದದ್ದು ಅಂತ ಈಗ ಗೊತ್ತಾಯಿತು ತಮ್ಮಾ’ ಎಂದರು. ಬೋಧಕರ ಕಿವಿಗೆ ಸುದ್ದಿ ಮುಟ್ಟಿತು. ನಂಬಿಕೆಯಿಂದ ಜಾರಿದ್ದಾರೆ ಎಂದು ಅವರು ಅಭಿಪ್ರಾಯಪಟ್ಟರಂತೆ. ಅದನ್ನು ನಾನು ಒಪ್ಪುವುದಿಲ್ಲ. ಅಷ್ಟು ಜನರ ಮುಂದೆ ತನ್ನ ದೌರ್ಬಲ್ಯ ಹೇಳಿ, ಆದರೂ ದೇವರು ನನ್ನವನು ಎಂದು ನಿಲ್ಲುವುದಕ್ಕೆ ಬೇಕಾದ ನಂಬಿಕೆ ಸಣ್ಣದಲ್ಲ.

ಒಂದು ವರ್ಷಕ್ಕೂ ಹೆಚ್ಚು ಕಾಲದ ನಂತರ, ವೈದ್ಯರು ತಪಾಸಣೆ ಮಾಡಿ ಅರ್ಹತಾ ಪತ್ರ ಕೊಟ್ಟ ಮೇಲೆ, ಬಯಲುಸೀಮೆಯ ಕಡೆಯ ಹಳ್ಳಿ ಮಾರ್ಗವೊಂದನ್ನು ಅವರಿಗೆ ಕೊಟ್ಟರು. ಘಟ್ಟದ ಮಾರ್ಗವನ್ನು ಅವರು ಕೇಳಿಲ್ಲ. ಅಪರೂಪಕ್ಕೊಮ್ಮೆ ರಾತ್ರಿ ಎದೆ ಬಡಿದುಕೊಳ್ಳುತ್ತದೆ. ಎದ್ದು ನೀರು ಕುಡಿದು, ಕೀರ್ತನೆ ಓದಿ, ಅದು ಇಳಿಯುವ ತನಕ ಕೂರುತ್ತಾರೆ. ಮಾತ್ರೆಯನ್ನು ವೈದ್ಯರು ಕಡಿಮೆ ಮಾಡುತ್ತಿದ್ದಾರೆ, ಪೂರ್ತಿ ನಿಲ್ಲಿಸಿಲ್ಲ.

ಇದರಿಂದ ಕಲಿತದ್ದು

ಶಾಂತಿಯ ಅನುಭವವನ್ನು ನಂಬಿಕೆಯ ಅಳತೆಗೋಲು ಮಾಡಿದರೆ, ಆತಂಕದ ಕಾಯಿಲೆ ಇರುವ ವಿಶ್ವಾಸಿಗೆ ದೇವರ ಮುಂದೆ ಬರಲು ಮುಖವೇ ಇಲ್ಲದಂತಾಗುತ್ತದೆ. ಯಾವುದಕ್ಕೂ ಚಿಂತೆ ಮಾಡಬೇಡಿ ಎಂದು ಸೆರೆಮನೆಯಿಂದ ಫಿಲಿಪ್ಪಿಯವರಿಗೆ ಬರೆದ ಪೌಲನು, ಅದೇ ಪತ್ರದ ಎರಡನೇ ಅಧ್ಯಾಯದಲ್ಲಿ, ಸಾಯುವಷ್ಟು ಕಾಯಿಲೆಯಾಗಿದ್ದ ತನ್ನ ಜೊತೆ ಕೆಲಸದವನಾದ ಎಪಫ್ರೊದೀತನನ್ನು ನಿಮ್ಮಲ್ಲಿಗೆ ಕಳುಹಿಸಿದರೆ ನನ್ನ ದುಃಖವೂ ಕಡಿಮೆಯಾಗುತ್ತದೆ ಎಂದು ಬರೆಯುತ್ತಾನೆ. ತನ್ನ ಮನಸ್ಸಿನ ಭಾರ ಇಳಿಯಲು ಅವನು ಪ್ರಾರ್ಥನೆಯ ಜೊತೆಗೆ ಒಂದು ಏರ್ಪಾಟನ್ನೂ ಮಾಡಿದ. ಗೆತ್ಸೇಮನೆ ತೋಟದಲ್ಲಿ ಯೇಸು ತಂದೆಗೆ ಮೊರೆಯಿಟ್ಟದ್ದರ ಜೊತೆಗೆ, ನನ್ನ ಪ್ರಾಣ ಸಾಯುವಷ್ಟು ದುಃಖಕ್ಕೊಳಗಾಗಿದೆ, ಎಚ್ಚರವಾಗಿರಿ ಎಂದು ಮೂವರು ಶಿಷ್ಯರನ್ನು ಕೇಳಿಕೊಂಡ. ದೇವರನ್ನು ನೆಚ್ಚಿದವನು ಮನುಷ್ಯರ ಸಹಾಯ ಕೇಳಬಾರದು ಎಂಬುದಕ್ಕೆ ಸತ್ಯವೇದದಲ್ಲಿ ನನಗೆ ಆಧಾರ ಸಿಕ್ಕಿಲ್ಲ.

ಸಾಕ್ಷಿಯ ವಿಷಯದಲ್ಲಿ ನಮ್ಮ ಸಭೆಗಳಿಗೆ ತಾಳ್ಮೆ ಬೇಕು. ಗುಣವಾಯಿತೆಂದು ಆ ವಾರವೇ ಎದ್ದು ಹೇಳಿಸುವುದರಿಂದ ಕೇಳುವವರಿಗೆ ಹುರುಪು ಬರುತ್ತದೆ. ಹೇಳಿದವರು ಮತ್ತೆ ಬಿದ್ದರೆ ಏಳಲು ಜಾಗವಿರುವುದಿಲ್ಲ. ಚಾಲಕರ ಸಭಾಪಾಲಕರು ಈಗ ಪ್ರಾರ್ಥನಾ ಕೂಟದಲ್ಲಿ, ಕಳೆದ ಬಾರಿ ಪ್ರಾರ್ಥಿಸಿದ್ದು ಇನ್ನೂ ಹಾಗೆಯೇ ಇರುವವರು ಇದ್ದೀರಾ ಎಂದು ಮೊದಲು ಕೇಳುತ್ತಾರೆ. ಆ ಪ್ರಶ್ನೆಗೆ ಕೈಯೆತ್ತುವವರ ಸಂಖ್ಯೆ ಅವರನ್ನೇ ಬೆರಗುಗೊಳಿಸಿದೆ.

ಮಾತ್ರೆ ಮತ್ತು ಪ್ರಾರ್ಥನೆಯ ನಡುವೆ ಚಾಲಕರು ಆಯ್ಕೆ ಮಾಡಬೇಕಾಗಿ ಬರಲಿಲ್ಲ. ಅವರು ಆಯ್ಕೆ ಮಾಡಬೇಕಾಗಿ ಬಂದದ್ದು ಮುಚ್ಚಿಡುವುದು ಮತ್ತು ಹೇಳಿಕೊಳ್ಳುವುದು ಇವೆರಡರ ನಡುವೆ. ಕೋಪದಲ್ಲಿ ಎದ್ದುಹೋದ ಮರುದಿನದ ರಜೆಯ ಅರ್ಜಿ, ಬೆನ್ನುನೋವಿನ ಸರ್ಟಿಫಿಕೇಟು ತರದೇ ಉಳಿದದ್ದು, ಎರಡನೇ ಬಾರಿ ಸಭೆಯ ಮುಂದೆ ನಿಂತದ್ದು, ಈ ಮೂರರಲ್ಲಿಯೂ ಅವರ ಕೈ ನಡುಗುತ್ತಲೇ ಇತ್ತು. ಆ ನಡುಕದೊಂದಿಗೇ ಮಾಡಿದ ಈ ಕೆಲಸಗಳನ್ನು ನಾನು ದೇವರ ಮೇಲಿನ ಭರವಸೆ ಎಂದು ಕರೆಯುತ್ತೇನೆ.

ಅವರ ಹೆಂಡತಿಯ ವಿಷಯವನ್ನೂ ಇಲ್ಲಿ ದಾಖಲಿಸಬೇಕು. ಗಂಡನ ನಿದ್ದೆ, ಮಗಳ ಶುಲ್ಕ, ಅಡವಿಟ್ಟ ಬಳೆ, ನೆರೆಯವರ ಪ್ರಶ್ನೆ ಎಲ್ಲವನ್ನೂ ಇಷ್ಟು ಕಾಲ ಹೊತ್ತವರು ಅವರು. ಗಂಡ ಡ್ಯೂಟಿಗೆ ಮರಳಿದ ಮೇಲೆ, ಬಸ್ ಬರುವುದು ತಡವಾದರೆ ಈಗ ಅವರ ಕೈಕಾಲು ತಣ್ಣಗಾಗುತ್ತವೆ. ಕಳೆದ ತಿಂಗಳಿಂದ ಮಂಗಳವಾರದ ಕ್ಲಿನಿಕ್ಕಿಗೆ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದಾರೆ, ಚೀಟಿ ಬರೆಸುವುದು ಅವರಿಬ್ಬರ ಹೆಸರಿನಲ್ಲಿ.